ಕಥೆಯಲ್ಲಿ ತೂತಿದ್ದರೂ ಸೈ-ಫೈ ಥ್ರಿಲ್ಲರ್ ಸವಿಯುವುದು ಹೇಗೆ?

ಪ್ರಶ್ನೆ: ಸೈ-ಫೈ ಥ್ರಿಲ್ಲರ್ ಸಿನಿಮಾ ಎಂದರೆ ನನಗೆ ಪ್ರಾಣ. ಆದರೆ ನೋಡುತ್ತ ಕೂತ ಸ್ವಲ್ಪ ಹೊತ್ತಿಗೇ ‘ಇದು ಹೇಗೆ ಸಾಧ್ಯ?’, ‘ಮೊದಲೇ ಯಾಕೆ ಹೀಗೆ ಮಾಡಲಿಲ್ಲ?’ ಎಂದು ತಲೆ ಓಡತೊಡಗುತ್ತದೆ. ಅಲ್ಲಿಗೆ ಮಜಾ ಹೋಗುತ್ತದೆ. ಜೊತೆಗಿರುವವರು ‘ತಲೆ ಪಕ್ಕಕ್ಕಿಟ್ಟು ನೋಡು’ ಎನ್ನುತ್ತಾರೆ, ಅದು ನನ್ನಿಂದಾಗದು. ಲಾಜಿಕ್ ತಪ್ಪುಗಳು ಕಾಣುತ್ತಿದ್ದರೂ ಸಿನಿಮಾ ಸವಿಯಲು ದಾರಿ ಇದೆಯೇ? ಮುಗಿದ ಮೇಲೆ ತಪ್ಪುಗಳ ಪಟ್ಟಿ ಮಾಡುವ ವಿಡಿಯೊಗಳನ್ನು ನೋಡಬಹುದೇ?

ಉತ್ತರ: ತಲೆ ಪಕ್ಕಕ್ಕಿಡುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಈ ಪ್ರಕಾರ ಹುಟ್ಟಿದ್ದೇ ‘ಹೀಗಾದರೆ ಏನಾದೀತು?’ ಎಂದು ಯೋಚಿಸುವವರಿಗಾಗಿ. ಯೋಚನೆ ನಿಲ್ಲಿಸಿದರೆ ಕೊನೆಗೆ ಉಳಿಯುವುದು ಓಟ, ಹೊಡೆದಾಟ, ಸ್ಫೋಟ ಇಷ್ಟೇ. ನೀವು ಬದಲಿಸಬೇಕಾದದ್ದು ಎರಡು: ಯಾವ ನಿಯಮ ಹಿಡಿದು ಅಳೆಯುತ್ತೀರಿ, ಯಾವ ಹೊತ್ತಿನಲ್ಲಿ ಅಳೆಯುತ್ತೀರಿ.

ಕಥೆಯ ಮುಂದೆ ಕೂತಾಗ ನಾವು ನಮ್ಮ ಅಪನಂಬಿಕೆಯನ್ನು ಬೇಕೆಂದೇ ಸ್ವಲ್ಪ ಹೊತ್ತು ತಡೆಹಿಡಿಯುತ್ತೇವೆ ಎಂಬ ಮಾತನ್ನು ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲಿ ಬರೆದರು. ನಿಮ್ಮ ಜೊತೆಗಾರರು ಹೇಳುತ್ತಿರುವುದು ಅದರದೇ ಒರಟು ರೂಪ. ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ 1939ರ ಒಂದು ಉಪನ್ಯಾಸದಲ್ಲಿ ಇದನ್ನು ಒಪ್ಪಲಿಲ್ಲ. ಕಥೆಗಾರ ಇನ್ನೊಂದು ಲೋಕವನ್ನೇ ಕಟ್ಟುತ್ತಾನೆ, ಆ ಲೋಕದ ನಿಯಮಕ್ಕೆ ಹೊಂದುವುದೆಲ್ಲ ಅದರೊಳಗೆ ಹೋದವರಿಗೆ ನಿಜವೇ, ಅಪನಂಬಿಕೆಯನ್ನು ಕಷ್ಟಪಟ್ಟು ತಡೆಯಬೇಕಾಗಿ ಬಂತೆಂದರೆ ಕಥೆ ಆಗಲೇ ಸೋತಿದೆ ಎಂದು ಅವರು ವಾದಿಸಿದರು. ನಿಮ್ಮ ಸ್ವಭಾವದವರಿಗೆ ಟೋಲ್ಕಿನ್ ದಾರಿಯೇ ಸರಿ. ಹೊರಗಿನ ಲೋಕದ ನಿಯಮವನ್ನು ಬಾಗಿಲಲ್ಲೇ ಬಿಟ್ಟು, ಸಿನಿಮಾ ತಾನೇ ಹಾಕಿಕೊಂಡ ನಿಯಮ ಯಾವುದು, ಅದನ್ನು ಕೊನೆಯವರೆಗೆ ಪಾಲಿಸಿತೇ ಎಂದು ಮಾತ್ರ ಕೇಳಿ. ಈ ಪ್ರಶ್ನೆಗೆ ತಲೆ ಎಷ್ಟು ಓಡಿದರೂ ಮಜಾ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಎರಡು ಗಂಟೆಯ ಚಿತ್ರದಲ್ಲಿ ಈ ನಿಯಮಗಳು ಸಾಮಾನ್ಯವಾಗಿ ಮೊದಲ 25–30 ನಿಮಿಷದೊಳಗೆ ಬಂದುಬಿಡುತ್ತವೆ. ಯಂತ್ರ ಅಥವಾ ಶಕ್ತಿ ಏನು ಮಾಡಬಲ್ಲದು, ಏನು ಮಾಡಲಾರದು, ಬಳಸಿದವರು ತೆರಬೇಕಾದ ಬೆಲೆ ಏನು ಎಂಬ ಮೂರನ್ನು ಹಿಡಿದರೆ ಸಾಕು. ಹೊಸ ಪಾತ್ರವೊಂದು ಬಂದು ‘ಇದು ಹೇಗೆ ಕೆಲಸ ಮಾಡುತ್ತೆ?’ ಎಂದು ಕೇಳುವ ದೃಶ್ಯ ಬಂತೆಂದರೆ ಮೈಯೆಲ್ಲ ಕಿವಿಯಾಗಿ ಕೂರಿ. ಆ ಪಾತ್ರ ಕೇಳುತ್ತಿರುವುದು ನಿಮ್ಮ ಪರವಾಗಿ. ಉತ್ತರವನ್ನು ಮನಸ್ಸಿನಲ್ಲೇ ಒಂದು ವಾಕ್ಯ ಮಾಡಿಕೊಳ್ಳಿ. ಆ ಎರಡು ನಿಮಿಷ ಫೋನ್ ನೋಡುತ್ತಿದ್ದವರಿಗೆ ಆಮೇಲೆ ಹತ್ತು ತೂತು ಕಾಣುತ್ತವೆ, ಅವುಗಳಲ್ಲಿ ಬಹುಪಾಲು ಸಿನಿಮಾದ ತಪ್ಪಲ್ಲ.

‘ಇನ್‌ಸೆಪ್ಷನ್’ (2010) ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದು ತಂಡ ವಿಮಾನದಲ್ಲಿ ಮಲಗಿ ಇನ್ನೊಬ್ಬನೊಂದಿಗೆ ಕನಸಿನೊಳಗೆ, ಅಲ್ಲಿಂದ ಇನ್ನೂ ಕೆಳಗಿನ ಕನಸುಗಳಿಗೆ ಇಳಿಯುತ್ತದೆ. ಅದರ ನಿಯಮ: ವಿಶೇಷ ಮತ್ತಿನ ಔಷಧ ಕೊಟ್ಟಾಗ ಕನಸಿನೊಳಗೆ ಕಾಲ ಸುಮಾರು 20 ಪಟ್ಟು ಹಿಗ್ಗುತ್ತದೆ, ಕನಸಿನೊಳಗಿನ ಕನಸಿನಲ್ಲಿ ಮತ್ತೆ 20 ಪಟ್ಟು. ವಿಮಾನ ಪ್ರಯಾಣ 10 ಗಂಟೆ. ಲೆಕ್ಕ ಹಾಕಿ ನೋಡಿ: ಮೊದಲ ಹಂತದಲ್ಲಿ 200 ಗಂಟೆ, ಅಂದರೆ ಎಂಟು ದಿನದ ಮೇಲೆ ಸ್ವಲ್ಪ. ಎರಡನೆಯದರಲ್ಲಿ 4,000 ಗಂಟೆ, ಐದೂವರೆ ತಿಂಗಳು. ಮೂರನೆಯದರಲ್ಲಿ 80,000 ಗಂಟೆ, ಒಂಬತ್ತು ವರ್ಷ ದಾಟಿತು. ಪಾತ್ರಗಳು ಒಂದು ವಾರ, ಆರು ತಿಂಗಳು, ಹತ್ತು ವರ್ಷ ಎಂದು ಹೇಳುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಮೊದಲ ಹಂತದಲ್ಲಿ ತಂಡ ಮಲಗಿರುವ ವ್ಯಾನ್ ಸೇತುವೆಯಿಂದ ನೀರಿಗೆ ಬೀಳುವ ಕೆಲವೇ ಕ್ಷಣಗಳಲ್ಲಿ ಕೆಳಗಿನ ಹಂತಗಳಲ್ಲಿ ಅಷ್ಟೆಲ್ಲ ನಡೆಯುವುದು ಈ ಲೆಕ್ಕದ ಬಲದಿಂದಲೇ. ನಿಯಮ ಗೊತ್ತಿದ್ದವರಿಗೆ ಆ ನಿಧಾನಗತಿಯ ಬೀಳುವಿಕೆ ಗಡಿಯಾರದಂತೆ ಕಾಣುತ್ತದೆ.

ಆದರೆ ಅದೇ ಚಿತ್ರದಲ್ಲಿ ಒಂದು ನಿಜವಾದ ತೂತೂ ಇದೆ. ಮೊದಲ ಹಂತದಲ್ಲಿ ವ್ಯಾನ್ ಬೀಳುತ್ತಿರುವುದರಿಂದ ಒಳಗೆ ಮಲಗಿದವರಿಗೆ ಭಾರವೇ ಇಲ್ಲ. ಹಾಗಾಗಿ ಎರಡನೇ ಹಂತದ ಹೋಟೆಲಿನಲ್ಲಿ ಎಲ್ಲರೂ ಗಾಳಿಯಲ್ಲಿ ತೇಲುತ್ತಾರೆ. ಮಲಗಿದವರ ದೇಹಕ್ಕೆ ಆಗುವುದು ಅವರ ಕನಸಿಗೆ ಇಳಿಯುತ್ತದೆ ಎಂಬುದು ನಿಯಮವಾದರೆ, ಹೋಟೆಲಿನಲ್ಲಿ ತೇಲುತ್ತಿರುವವರು ಕಾಣುವ ಮೂರನೇ ಹಂತದಲ್ಲೂ ಭಾರ ಇರಬಾರದು. ಹಿಮ ತುಂಬಿದ ಆ ಬೆಟ್ಟದಲ್ಲಿ ಒಂದು ಹಿಮಕುಸಿತವಾಗುತ್ತದೆ, ಅಷ್ಟೇ. ಜನ ನೆಲದ ಮೇಲೆ ಓಡುತ್ತಾರೆ, ಜಾರುತ್ತಾರೆ, ಗುಂಡು ಹಾರಿಸುತ್ತಾರೆ. ಯಾಕೆ ಹೀಗೆ ಎಂದು ಚಿತ್ರ ಎಲ್ಲೂ ಹೇಳುವುದಿಲ್ಲ.

ಇಂಥ ಕಡೆ ನೀವು ಮಾಡಬೇಕಾದದ್ದು ಒಂದು ಸಾಲಿನ ಪರೀಕ್ಷೆ. ಯಾವುದಾದರೂ ಪಾತ್ರದ ಬಾಯಲ್ಲಿ ಒಂದೇ ಸಾಲು ಮಾತು ಸೇರಿಸಿ ಈ ತೂತನ್ನು ಮುಚ್ಚಬಹುದೇ? ‘ಎರಡು ಹಂತ ಕೆಳಗೆ ಹೋದಮೇಲೆ ದೇಹದ ಅನುಭವ ಮಂಕಾಗುತ್ತದೆ’ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಇಲ್ಲಿ ಕೆಲಸ ಮುಗಿಯುತ್ತಿತ್ತು. ಒಂದು ಸಾಲಿಗೆ ಮುಚ್ಚುವ ತೂತು ಚಿಕ್ಕದು. ಆ ಸಾಲನ್ನು ನೀವೇ ಸೇರಿಸಿಕೊಂಡು ಮುಂದೆ ಹೋಗಿ. ಮುಚ್ಚಲು ಕ್ಲೈಮ್ಯಾಕ್ಸನ್ನೇ ಮತ್ತೆ ಬರೆಯಬೇಕಾದರೆ ಅದು ದೊಡ್ಡದು, ಅಲ್ಲಿ ನಿಮ್ಮ ಕಿರಿಕಿರಿ ನ್ಯಾಯವಾದದ್ದು.

ಜನ ‘ಲಾಜಿಕ್ ಇಲ್ಲ’ ಎಂದು ದೂರುವುದರಲ್ಲಿ ಬಹಳಷ್ಟು ಕಥೆಯ ತೂತೇ ಅಲ್ಲ ಎಂಬುದನ್ನೂ ಹೇಳಬೇಕು. ಮುಖ್ಯವಾಗಿ ವಿಜ್ಞಾನದ ತಪ್ಪು. ‘ದಿ ಮಾರ್ಷಿಯನ್’ (2015) ಚಿತ್ರದ ಆರಂಭದಲ್ಲಿ ಮಂಗಳ ಗ್ರಹದ ಬಿರುಗಾಳಿ ರಾಕೆಟ್ಟನ್ನೇ ಉರುಳಿಸುವಷ್ಟು ಜೋರಾಗಿ ಬೀಸುತ್ತದೆ. ಮಂಗಳದಲ್ಲಿ ಗಾಳಿಯ ಒತ್ತಡ ಭೂಮಿಯದರ ಶೇಕಡ 1ಕ್ಕಿಂತ ಕಡಿಮೆ, ಸಾಂದ್ರತೆ ಸುಮಾರು ಅರವತ್ತರಲ್ಲಿ ಒಂದು ಪಾಲು. ಗಾಳಿಯ ತಳ್ಳುವ ಬಲ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸುವುದರಿಂದ, ಅಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಮೈಗೆ ಬಡಿದರೆ ಇಲ್ಲಿ 13 ಕಿಲೋಮೀಟರ್ ವೇಗದ ತಂಗಾಳಿ ಸೋಕಿದಷ್ಟೇ. ರಾಕೆಟ್ ಅಲ್ಲಾಡುವ ಮಾತೇ ಇಲ್ಲ. ಮೂಲ ಕಾದಂಬರಿಯ ಲೇಖಕ ಆ್ಯಂಡಿ ವಿಯರ್ ಇದನ್ನು ಗೊತ್ತಿದ್ದೇ ಬರೆದದ್ದು ಎಂದು ಒಪ್ಪಿಕೊಂಡಿದ್ದಾರೆ. ಹಾಗಾದರೂ ಇದು ನನ್ನ ಲೆಕ್ಕದಲ್ಲಿ ಕ್ಷಮಿಸಬಹುದಾದ ತಪ್ಪು, ಏಕೆಂದರೆ ಅದು ಬರುವುದು ನಾಯಕನನ್ನು ಕಷ್ಟಕ್ಕೆ ದೂಡುವಾಗ. ಕಷ್ಟದಿಂದ ಪಾರಾಗಲು ಅವನು ಮಾಡುವ ಕೆಲಸಗಳು, ಅಂದರೆ ರಾಕೆಟ್ ಇಂಧನದಿಂದ ನೀರು ತೆಗೆಯುವುದು, ಆಲೂಗಡ್ಡೆ ಬೆಳೆಯುವುದು, ಉಳಿದ ಊಟವನ್ನು ದಿನಕ್ಕಿಷ್ಟು ಎಂದು ಹಂಚುವುದು, ಇವೆಲ್ಲ ಲೆಕ್ಕದ ಮೇಲೆ ನಿಂತಿವೆ. ಕಷ್ಟ ತರಲು ಇಂಥ ತಪ್ಪು ಬಂದರೆ ಸರಿ, ಕಷ್ಟ ಕಳೆಯಲು ಬರಬಾರದು. ಕಾಕತಾಳೀಯಕ್ಕೂ ಇದೇ ಮಾತು.

‘ಗ್ರಾವಿಟಿ’ (2013) ಇದಕ್ಕಿಂತ ಕಷ್ಟದ ಪ್ರಕರಣ. ಹಬಲ್ ದೂರದರ್ಶಕದ ಬಳಿ ಅಪಘಾತವಾದಮೇಲೆ ಗಗನಯಾತ್ರಿಗಳು ಬೆನ್ನಿಗೆ ಕಟ್ಟಿದ ಜೆಟ್ ಯಂತ್ರದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುತ್ತಾರೆ. ನಿಜದಲ್ಲಿ ಹಬಲ್ ಸುತ್ತುವುದು ಸಮಭಾಜಕಕ್ಕೆ 28.5 ಡಿಗ್ರಿ ಓರೆಯಾದ ಕಕ್ಷೆಯಲ್ಲಿ, ನಿಲ್ದಾಣ 51.6 ಡಿಗ್ರಿಯಲ್ಲಿ. ಚಿತ್ರ ಬಂದಾಗ ಎತ್ತರದಲ್ಲೂ ನೂರು ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸವಿತ್ತು. ಕಕ್ಷೆಯ ಓರೆ ಬದಲಿಸಲಿಕ್ಕೇ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದ ಬದಲಾವಣೆ ಬೇಕು. 1984ರಲ್ಲಿ ನಾಸಾ ಬಳಸಿದ ಬೆನ್ನಿನ ಜೆಟ್ ಒಟ್ಟು ಕೊಡಬಲ್ಲದ್ದು ಸೆಕೆಂಡಿಗೆ ಸುಮಾರು 25 ಮೀಟರ್. ನೂರು ಪಟ್ಟಿಗೂ ಮೀರಿದ ಕೊರತೆ, ಅದೂ ಪಾರಾಗುವ ದಾರಿಯಲ್ಲೇ. ಆದರೆ ಚಿತ್ರದೊಳಗಿನ ಲೋಕದಲ್ಲಿ ನಿಲ್ದಾಣ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇದೆ, ಪಾತ್ರಗಳು ಅದನ್ನು ಮೊದಲಿಂದಲೂ ಹಾಗೆಯೇ ನಡೆಸಿಕೊಳ್ಳುತ್ತವೆ. ಕಥೆ ತನ್ನ ಮಾತಿಗೆ ತಾನು ತಪ್ಪಿಲ್ಲ. ಕಕ್ಷೆಗಳ ಲೆಕ್ಕ ತಿಳಿದವರು ‘ಇಲ್ಲಿ ಎಲ್ಲ ನಿಲ್ದಾಣಗಳೂ ಒಂದೇ ಸಾಲಿನಲ್ಲಿವೆ’ ಎಂಬ ಒಂದೇ ವಿನಾಯಿತಿ ಕೊಟ್ಟು ಕೂತರೆ ಆಮೇಲಿನ ಒಂದೂವರೆ ಗಂಟೆ ಹಿಡಿದು ಕೂರಿಸುತ್ತದೆ. ಒಂದು ಚಿತ್ರಕ್ಕೆ ಒಂದು ದೊಡ್ಡ ವಿನಾಯಿತಿ, ಅದೂ ಆರಂಭದಲ್ಲಿ. ಈ ಲೆಕ್ಕ ಇಟ್ಟುಕೊಳ್ಳಿ. ಮಧ್ಯದಲ್ಲಿ ಎರಡನೆಯದನ್ನು ಕೇಳುವ ಚಿತ್ರಕ್ಕೆ ಕೊಡಬೇಕಾಗಿಲ್ಲ.

ಪಾತ್ರದ ದಡ್ಡತನವೂ ತೂತಿನ ಲೆಕ್ಕಕ್ಕೆ ಬೇಗ ಸೇರಿಬಿಡುತ್ತದೆ. ‘ಪೊಲೀಸರಿಗೆ ಯಾಕೆ ಹೇಳಲಿಲ್ಲ?’, ‘ಆ ಬಾಗಿಲು ಯಾಕೆ ತೆಗೆದಳು?’ ಥ್ರಿಲ್ಲರ್‌ನಲ್ಲಿ ಕ್ಯಾಮೆರಾ ನಮಗೆ ಬಾಗಿಲ ಹಿಂದಿನದನ್ನು ತೋರಿಸಿರುತ್ತದೆ, ಅವಳಿಗೆ ತೋರಿಸಿರುವುದಿಲ್ಲ. ಆ ಕ್ಷಣದಲ್ಲಿ ಅವಳಿಗೆ ಗೊತ್ತಿದ್ದದ್ದೇನು, ಯೋಚಿಸಲು ಎಷ್ಟು ಸೆಕೆಂಡ್ ಇತ್ತು, ಏನು ಕಳೆದುಕೊಳ್ಳುವ ಭಯವಿತ್ತು ಎಂದು ಕೇಳಿಕೊಂಡರೆ ಮುಕ್ಕಾಲು ಆಕ್ಷೇಪ ಕರಗುತ್ತದೆ. ಕರಗದೆ ಉಳಿಯುವುದು ಒಂದೇ ಸಂದರ್ಭದಲ್ಲಿ. ವರ್ಷಗಟ್ಟಲೆ ತರಬೇತಿ ಪಡೆದವರು ಯಾವ ಒತ್ತಡವೂ ಇಲ್ಲದೆ ತಮ್ಮ ವಿದ್ಯೆಗೆ ವಿರುದ್ಧ ನಡೆದುಕೊಂಡರೆ ಅದು ಬರಹಗಾರರ ಸೋಮಾರಿತನ. ಅನ್ಯಗ್ರಹದ ಗಾಳಿ ಪರೀಕ್ಷಿಸದೆ ಹೆಲ್ಮೆಟ್ ತೆಗೆಯುವ ವಿಜ್ಞಾನಿಯನ್ನು ನಾನೂ ಕ್ಷಮಿಸುವುದಿಲ್ಲ. ತೋರಿಸದೆ ಬಿಟ್ಟದ್ದು, ಅಂದರೆ ಈ ಊರಿನಿಂದ ಆ ಊರಿಗೆ ಹೇಗೆ ಬಂದ, ಕೀಲಿ ಯಾವಾಗ ಎತ್ತಿಕೊಂಡ ಎಂಬಂಥದ್ದು, ತೂತೇ ಅಲ್ಲ. ಅಸಾಧ್ಯವಾಗಿದ್ದರೆ ಮಾತ್ರ ಕೇಳಿ.

ನಿಜವಾದ ತೂತುಗಳು ಹುಟ್ಟುವುದು ಎಲ್ಲಿ ಎಂದು ತಿಳಿದರೂ ಕಿರಿಕಿರಿ ಕಡಿಮೆಯಾಗುತ್ತದೆ. ಬಹಳಷ್ಟು ಸಲ ಸ್ಕ್ರಿಪ್ಟಿನಲ್ಲಿ ಎಲ್ಲ ಸರಿಯಿರುತ್ತದೆ. ಶೂಟಿಂಗ್ ದೃಶ್ಯಗಳ ಕ್ರಮದಲ್ಲಿ ನಡೆಯುವುದಿಲ್ಲ, ಹಣ ಅಥವಾ ಸಮಯ ಸಾಲದೆ ಒಂದು ದೃಶ್ಯ ಬಿಟ್ಟುಹೋಗುತ್ತದೆ, ಎಡಿಟಿಂಗ್‌ನಲ್ಲಿ ವೇಗಕ್ಕೆಂದು ಇನ್ನೊಂದು ಹಾರುತ್ತದೆ. ಆ ದೃಶ್ಯವನ್ನು ನಂಬಿಕೊಂಡಿದ್ದ ಮಾತು ಮಾತ್ರ ಹಾಗೇ ಉಳಿಯುತ್ತದೆ. ‘ಬ್ಲೇಡ್ ರನ್ನರ್’ (1982) ಇದಕ್ಕೆ ಒಳ್ಳೆಯ ಉದಾಹರಣೆ. ಪೊಲೀಸ್ ಅಧಿಕಾರಿ ನಾಯಕನಿಗೆ ಹೇಳುತ್ತಾನೆ: ಆರು ಕೃತಕ ಮನುಷ್ಯರು ತಪ್ಪಿಸಿಕೊಂಡು ಬಂದಿದ್ದಾರೆ, ಒಬ್ಬ ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿ ಸತ್ತ. ಉಳಿದದ್ದು ಐವರು. ಆದರೆ ಚಿತ್ರದಲ್ಲಿ ನಾಯಕ ಹುಡುಕುವುದು ನಾಲ್ವರನ್ನೇ. ಐದನೆಯವರೆಲ್ಲಿ? ಸ್ಕ್ರಿಪ್ಟಿನಲ್ಲಿ ಮೇರಿ ಎಂಬ ಪಾತ್ರವಿತ್ತು, ಖರ್ಚು ಉಳಿಸಲು ಅದನ್ನು ಕೈಬಿಟ್ಟರು, ಎಣಿಕೆಯ ಮಾತನ್ನು ತಿದ್ದಲು ಮರೆತರು. ನೋಡಿದವರು ಸುಮ್ಮನಾಗಲಿಲ್ಲ. ಕಾಣೆಯಾದ ಆ ಒಬ್ಬ ನಾಯಕನೇ ಇರಬಹುದೇ ಎಂದು ವರ್ಷಾನುಗಟ್ಟಲೆ ಚರ್ಚಿಸಿದರು. 2007ರ ಫೈನಲ್ ಕಟ್ ಆವೃತ್ತಿಯಲ್ಲಿ ಸತ್ತವರು ಇಬ್ಬರು ಎಂದು ಮಾತು ತಿದ್ದಿ ಲೆಕ್ಕ ಸರಿಮಾಡಿದರು. ನಾಯಕ ಮನುಷ್ಯನೋ ಅಲ್ಲವೋ ಎಂಬ ಚರ್ಚೆ ಅದರ ನಂತರವೂ ನಿಂತಿಲ್ಲ, ಏಕೆಂದರೆ ಚಿತ್ರದ ಉಳಿದ ಭಾಗವೇ ಆ ಅನುಮಾನಕ್ಕೆ ಎಡೆ ಕೊಡುತ್ತದೆ. ಎಣಿಕೆಯ ಒಂದು ತಪ್ಪು ಜನರನ್ನು ಚಿತ್ರದ ಹೃದಯದಲ್ಲೇ ಇರುವ ಪ್ರಶ್ನೆಯ ಕಡೆಗೆ ಕರೆದೊಯ್ಯಿತು.

ಕಾಲಯಾನದ ಚಿತ್ರಗಳಿಗೆ ಬೇರೆಯೇ ಸಿದ್ಧತೆ ಬೇಕು. ಅಲ್ಲಿ ಮೂರು ಪದ್ಧತಿಗಳಿವೆ, ನೋಡುತ್ತಿರುವುದು ಯಾವುದೆಂದು ಅರ್ಧ ಚಿತ್ರದೊಳಗೆ ಗುರುತಿಸಿ. ಒಂದು, ನಡೆದದ್ದು ಬದಲಾಗದು, ಹಿಂದೆ ಹೋದವನು ಮಾಡಿದ್ದೂ ಮೊದಲೇ ಚರಿತ್ರೆಯಲ್ಲಿ ಸೇರಿದೆ. ‘ದಿ ಟರ್ಮಿನೇಟರ್’ (1984) ಈ ಬಗೆಯದು: ಭವಿಷ್ಯದ ನಾಯಕ ಯಾರನ್ನು ಹಿಂದಕ್ಕೆ ಕಳಿಸುತ್ತಾನೋ ಅವನೇ ಆ ನಾಯಕನ ತಂದೆಯಾಗುತ್ತಾನೆ. ‘ಹಾಗಾದರೆ ಮೊದಲ ಸಲ ಏನಾಗಿತ್ತು?’ ಎಂಬ ಪ್ರಶ್ನೆ ಇಲ್ಲಿ ಕೂರುವುದಿಲ್ಲ, ಮೊದಲ ಸಲ ಎಂಬುದೇ ಇಲ್ಲ. ಎರಡು, ಕಾಲ ಒಂದೇ, ಆದರೆ ತಿದ್ದಬಹುದು. ‘ಬ್ಯಾಕ್ ಟು ದ ಫ್ಯೂಚರ್’ (1985) ಚಿತ್ರದಲ್ಲಿ ಹಿಂದಕ್ಕೆ ಹೋದ ನಾಯಕನಿಂದ ತಂದೆತಾಯಿಯ ಮೊದಲ ಭೇಟಿಯೇ ತಪ್ಪುತ್ತದೆ, ಅವನ ಬಳಿಯ ಫೋಟೋದಿಂದ ಅಣ್ಣ, ಅಕ್ಕ ಒಬ್ಬೊಬ್ಬರೇ ಅಳಿಸಿಹೋಗುತ್ತಾರೆ. ತರ್ಕದ ಪ್ರಕಾರ ಎಲ್ಲರೂ ಒಟ್ಟಿಗೆ ಮಾಯವಾಗಬೇಕು. ಆದರೆ ಎಷ್ಟು ಹೊತ್ತು ಉಳಿದಿದೆ ಎಂದು ತೋರಿಸಲು ಒಂದು ಸಾಧನ ಬೇಕಿತ್ತು, ಆ ಫೋಟೋ ಅದಾಯಿತು. ಮೂರು, ಹಿಂದೆ ಹೋದೊಡನೆ ಕಾಲದ ಹೊಸ ಕವಲು, ಅಂದರೆ ಇನ್ನೊಂದು ಲೋಕ, ಹುಟ್ಟುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ, ಹೊರಟ ಲೋಕದಲ್ಲಿ ಉಳಿದವರಿಗೆ ಇದರಿಂದ ಏನು ಸಿಕ್ಕಿತು ಎಂಬುದು.

ಒಂದು ಪದ್ಧತಿಯ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದರೆ ಎಲ್ಲ ಚಿತ್ರವೂ ತಪ್ಪಾಗಿಯೇ ಕಾಣುತ್ತದೆ. ಸರಣಿಗಳಲ್ಲಿ ಇನ್ನೂ ಎಚ್ಚರ ಬೇಕು. 1984ರ ‘ಟರ್ಮಿನೇಟರ್’ ಚಿತ್ರದ ಪ್ರಕಾರ ಜೀವಂತ ಮಾಂಸ ಹೊದ್ದದ್ದು ಮಾತ್ರ ಕಾಲ ದಾಟಬಲ್ಲದು. 1991ರ ಎರಡನೇ ಭಾಗದಲ್ಲಿ ಪೂರ್ತಿ ದ್ರವಲೋಹದ ಯಂತ್ರ ಆರಾಮಾಗಿ ಬಂದಿಳಿಯುತ್ತದೆ. ಇದು ನಿಜವಾದ ವಿರೋಧಾಭಾಸವೇ. ಆದರೆ ಅದು ಕಥೆ ಶುರುವಾಗುವ ಮೊದಲೇ ಆಗಿಹೋಗಿದೆ, ಮುಂದಿನ ಯಾವ ತಿರುವೂ ಅದನ್ನು ನೆಚ್ಚಿಕೊಂಡಿಲ್ಲ. ಹಾಗಾಗಿ ಸರಣಿಯ ಪ್ರತಿ ಭಾಗವನ್ನೂ ಅದರದೇ ನಿಯಮದಿಂದ ಅಳೆಯುವುದು ಒಳ್ಳೆಯದು. ಗೊಂದಲದ ಚಿತ್ರಕ್ಕೆ ಕಾಗದ ತೆಗೆದುಕೊಂಡರೆ ಇಸವಿಗಳ ಪ್ರಕಾರ ಗೆರೆ ಎಳೆಯಬೇಡಿ. ಪ್ರತಿ ಕಾಲಯಾನಿಗೂ ಒಂದೊಂದು ಗೆರೆ ಎಳೆದು, ಅವನ ಕೈಗಡಿಯಾರದ ಕ್ರಮದಲ್ಲಿ ಘಟನೆಗಳನ್ನು ಗುರುತಿಸಿ. ಎರಡು ಗೆರೆಗಳು ಸೇರುವ ಕಡೆ ಇಬ್ಬರಿಗೂ ನೆನಪಿರುವುದು ಒಂದೇ ಆಗಿದ್ದರೆ ಕಥೆ ಗಟ್ಟಿಯಾಗಿದೆ.

ಇನ್ನು ಯಾವ ಹೊತ್ತಿನಲ್ಲಿ ಅಳೆಯಬೇಕೆಂಬುದು. ಮನೆಗೆ ಹೋಗಿ ಫ್ರಿಜ್ ಬಾಗಿಲು ತೆಗೆಯುವಾಗ ಹೊಳೆಯುವ ಪ್ರಶ್ನೆಗಳ ಬಗ್ಗೆ ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್ ಮಾತಾಡಿದ್ದರು. ಅವರ ಮಟ್ಟಿಗೆ ಆ ಹೊತ್ತಿಗೆ ಸಿನಿಮಾ ತನ್ನ ಕೆಲಸ ಮುಗಿಸಿರುತ್ತದೆ. ಥ್ರಿಲ್ಲರ್ ಕಟ್ಟುವುದೇ ಹಾಗೆ. ಪ್ರಶ್ನೆ ಏಳುವ ಮೊದಲೇ ಮುಂದಿನ ಅಪಾಯ ಬಂದು ನಿಲ್ಲಬೇಕು. ಮನೆಯಲ್ಲಿ ನೋಡುವಾಗ ನಾವು ಪಾಜ್ ಒತ್ತಿ ಈ ಲಯವನ್ನು ಮುರಿಯುತ್ತೇವೆ, ಹಿಂದಕ್ಕೆ ಓಡಿಸಿ ಪರೀಕ್ಷಿಸುತ್ತೇವೆ, ಹತ್ತು ನಿಮಿಷ ಬಿಟ್ಟು ಮತ್ತೆ ಕೂರುತ್ತೇವೆ. ಮೊದಲ ಸಲ ಮಧ್ಯೆ ಏಳದೆ ಪೂರ್ತಿ ನೋಡಿ. ಪ್ರಶ್ನೆ ಎದ್ದರೆ ಒಂದೆರಡು ಪದದಲ್ಲಿ ಚೀಟಿಯ ಮೇಲೆ ಗೀಚಿ ಕಣ್ಣು ಪರದೆಗೆ ಹಿಂತಿರುಗಿಸಿ. ಬರೆದಿಟ್ಟದ್ದನ್ನು ತಲೆ ಮತ್ತೆ ಮತ್ತೆ ತಿರುವುವುದಿಲ್ಲ. ಮುಗಿದ ಮೇಲೆ ಚೀಟಿ ನೋಡಿದರೆ ಅರ್ಧ ಪ್ರಶ್ನೆಗಳಿಗೆ ಚಿತ್ರವೇ ಮುಂದೆ ಉತ್ತರ ಕೊಟ್ಟಿರುತ್ತದೆ. ಒಳ್ಳೆಯ ಥ್ರಿಲ್ಲರ್‌ಗಳು ಬೇಕೆಂದೇ ತೂತಿನಂತೆ ಕಾಣುವ ಜಾಗ ಬಿಟ್ಟು ಕೊನೆಯಲ್ಲಿ ಮುಚ್ಚುತ್ತವೆ. ‘ಅರೆ, ಇದು ತಪ್ಪಲ್ಲವೇ’ ಎಂದು ಗಮನಿಸಿದವರಿಗೆ ಆಗ ಸಿಗುವ ಸುಖ ಗಮನಿಸದವರಿಗೆ ಸಿಗದು. ನಿಮ್ಮ ಸ್ವಭಾವಕ್ಕೆ ಸಿಗುವ ಲಾಭ ಇದು.

ಎರಡನೇ ಸಲ ನೋಡುವಾಗ ಒಂದೇ ಪಾತ್ರವನ್ನು ಹಿಂಬಾಲಿಸಿ, ಅವನಿಗೆ ಯಾವ ದೃಶ್ಯದಲ್ಲಿ ಏನು ತಿಳಿಯಿತು ಎಂದು ಮಾತ್ರ ನೋಡಿ. ಖಳನಾಯಕನನ್ನು ಆರಿಸಿಕೊಂಡರೆ ಹೆಚ್ಚು ಫಲ, ಏಕೆಂದರೆ ದೊಡ್ಡ ತೂತುಗಳು ಇರುವುದು ಸಾಮಾನ್ಯವಾಗಿ ಅವನ ಯೋಜನೆಯಲ್ಲೇ. ನಾಯಕ ಎಡಕ್ಕೆ ತಿರುಗುತ್ತಾನೆಂದು ಅವನಿಗೆ ಮೊದಲೇ ಹೇಗೆ ಗೊತ್ತಿತ್ತು? ಎಲ್ಲವನ್ನೂ ಮುಂಚೆಯೇ ಲೆಕ್ಕ ಹಾಕಿದ್ದೆ ಎನ್ನುವ ಖಳನಾಯಕನ ಯೋಜನೆಯಲ್ಲಿ ಬೇರೆಯವರ ಆಕಸ್ಮಿಕ ನಿರ್ಧಾರಗಳು ಎಷ್ಟು ಸೇರಿವೆ ಎಂದು ಎಣಿಸಿ. ಒಂದಿದ್ದರೆ ಇರಲಿ, ಮೂರು ದಾಟಿದರೆ ಆ ಚಿತ್ರ ನಿಮಗೆ ರುಚಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. ಕ್ಲೈಮ್ಯಾಕ್ಸಿನಲ್ಲಿ ಯಂತ್ರಕ್ಕೆ ಇದ್ದಕ್ಕಿದ್ದಂತೆ ಹೊಸ ಶಕ್ತಿ ಬಂದು ನಾಯಕ ಗೆದ್ದರೂ ಹಾಗೆಯೇ. ಮೊದಲ ಅರ್ಧ ಗಂಟೆಯಲ್ಲಿ ನೀವು ಹೇಳಿಕೊಂಡ ವಾಕ್ಯವನ್ನು ಚಿತ್ರವೇ ಅಲ್ಲಿ ಸುಳ್ಳು ಮಾಡಿತು. ಅಲ್ಲಿಯವರೆಗಿನ ದೃಶ್ಯಗಳನ್ನು ಮೆಚ್ಚಿಕೊಂಡು ಕೊನೆಯನ್ನು ಮೆಚ್ಚದಿರಲು ನಿಮಗೆ ಪೂರ್ಣ ಹಕ್ಕಿದೆ.

ವಿಡಿಯೊಗಳ ವಿಷಯ. ಮುಗಿದ ರಾತ್ರಿಯೇ ನೋಡಬೇಡಿ. ಅವುಗಳಲ್ಲಿ ಎಣಿಕೆಯೇ ಮುಖ್ಯ, ಹಾಗಾಗಿ ಲೋಟ ಎಡಗೈಯಿಂದ ಬಲಗೈಗೆ ಹೋದದ್ದಕ್ಕೂ ಕ್ಲೈಮ್ಯಾಕ್ಸ್ ಕುಸಿದದ್ದಕ್ಕೂ ಒಂದೇ ಬೆಲೆ. ನಿಮ್ಮ ಚೀಟಿಯಲ್ಲಿ ಉಳಿದ ಎರಡು-ಮೂರು ಪ್ರಶ್ನೆಗಳಿಗೆ ಒಂದು ದಿನ ನೀವೇ ಉತ್ತರ ಹುಡುಕಿ, ಆಮೇಲೆ ಅಷ್ಟಕ್ಕೆ ಮಾತ್ರ ಬೇರೆಯವರ ವಿವರಣೆ ಕೇಳಿ. ಕೇಳುವ ಮೊದಲು ನೀವು ನೋಡಿದ್ದು ಯಾವ ಆವೃತ್ತಿ ಎಂದು ಖಚಿತಪಡಿಸಿಕೊಳ್ಳಿ. ಥಿಯೇಟರ್ ಆವೃತ್ತಿ, ಡೈರೆಕ್ಟರ್ಸ್ ಕಟ್, ಟಿವಿಗೆಂದು ಕತ್ತರಿಸಿದ್ದು, ಇವುಗಳಲ್ಲಿ ದೃಶ್ಯಗಳೇ ಬೇರೆ ಇರಬಹುದು.

ಸಬ್‌ಟೈಟಲ್ ಮತ್ತು ಡಬ್ಬಿಂಗ್ ಕಡೆಗೂ ಒಂದು ಕಣ್ಣಿರಲಿ. ಸಬ್‌ಟೈಟಲ್ ಸಾಮಾನ್ಯವಾಗಿ ಎರಡು ಸಾಲು, ಇಂಗ್ಲಿಷಿನಲ್ಲಾದರೆ ಸಾಲಿಗೆ ನಲವತ್ತು ಚಿಲ್ಲರೆ ಅಕ್ಷರ. ವೇಗದ ಮಾತನ್ನು ಅದರಲ್ಲಿ ಹಿಡಿಸಲು ಮೊದಲು ಬೀಳುವುದು ‘ಬಹುಶಃ’, ‘ಅಲ್ಲಿಯವರೆಗೆ’, ‘ಮೊದಲ ಸಲ ಮಾತ್ರ’ ಎಂಬಂಥ ಪದಗಳು. ಡಬ್ಬಿಂಗ್‌ನಲ್ಲಿ ತುಟಿಗೆ ಹೊಂದಿಸಲು ಇದೇ ಆಗುತ್ತದೆ. ನಿಯಮದ ಮಿತಿ ಇರುವುದು ಈ ಪದಗಳಲ್ಲೇ. ಹಾಗಾಗಿ ದೊಡ್ಡ ವಿರೋಧಾಭಾಸ ಕಂಡರೆ, ನಿಯಮ ಹೇಳಿದ ಆ ಆರಂಭದ ದೃಶ್ಯಕ್ಕೆ ಹೋಗಿ ಮೂಲ ಭಾಷೆಯ ಧ್ವನಿಯಲ್ಲಿ, ಸಾಧ್ಯವಾದರೆ ಇನ್ನೊಂದು ಭಾಷೆಯ ಸಬ್‌ಟೈಟಲ್ ಹಾಕಿ, ಒಮ್ಮೆ ಕೇಳಿ ನೋಡಿ.